25 ನಿಮಿಷ ಸಿಕ್ಕರೆ ಸಾಕು

ಬೆಳಿಗ್ಗೆ ಎದ್ದು ಸಂಜೆವರೆಗೆ ಯಾರೂ ಕರೆಯದೆ, ಕರೆಂಟ್ ಹೋಗದೆ, ಒಂದೇ ಕೆಲಸಕ್ಕೆ ಕೂರುವ ದಿನ ನಮ್ಮ ಕಡೆ ಬರುವುದೇ ಇಲ್ಲ. ನಮ್ಮದು ತೀರ್ಥಹಳ್ಳಿ ಹತ್ತಿರದ ತೋಟದ ಮನೆ. ಪೇಟೆಯ ಕೆಲವು ಅಂಗಡಿಗಳ ಲೆಕ್ಕವನ್ನು ನಾನು ಮನೆಯಲ್ಲೇ ಕೂತು ಬರೆಯುತ್ತೇನೆ. ಜಿಎಸ್‌ಟಿ ತೆರಿಗೆಯ ಎರಡು ರಿಟರ್ನ್ ತಿಂಗಳು ತಿಂಗಳು ಸಲ್ಲಿಸಬೇಕು: 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಹೊರಗೆ ಜಡಿಮಳೆ ಇರಲಿ, ಮನೆಯಲ್ಲಿ ಅಡಿಕೆ ಕೊಯ್ಲು ಇರಲಿ, ಆ ತಾರೀಕಿಗೆ ಕೆಲಸ ಆಗಿರಬೇಕು. ಇಂಥ ಮನೆಗಳಲ್ಲಿ ಕೂತು ಕೆಲಸ ಮಾಡುವ, ಓದುವ ಎಲ್ಲರಿಗೂ ಹೇಳಬೇಕು ಅನ್ನಿಸಿದ್ದು ಒಂದೇ: ಬಿಡುವಾದ ದಿನಕ್ಕೆ ಕಾಯಬೇಡಿ. 25 ನಿಮಿಷ ಸಿಕ್ಕರೆ ಶುರು ಮಾಡಿ.

25 ನಿಮಿಷದ ಈ ಲೆಕ್ಕ ಫ್ರಾನ್ಸೆಸ್ಕೊ ಚಿರಿಲ್ಲೊ ಅವರದ್ದು. 1980ರ ದಶಕದ ಕೊನೆಯಲ್ಲಿ ಇಟಲಿಯಲ್ಲಿ ಕಾಲೇಜು ಓದುತ್ತಿದ್ದಾಗ ಅವರಿಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಹತ್ತು ನಿಮಿಷವಾದರೂ ನಿಜವಾಗಿ ಓದಬಲ್ಲೆನಾ ಎಂದು ತಮಗೆ ತಾವೇ ಪಂಥ ಕಟ್ಟಿ, ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ತಿರುಗಿಸಿ ಕೂತರು. ಅದು ಬೆಳೆದು 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸಲ ಆದ ಮೇಲೆ 15ರಿಂದ 30 ನಿಮಿಷ ವಿಶ್ರಾಂತಿ ಎಂಬ ಕ್ರಮವಾಯಿತು. ಪೊಮೊಡೊರೊ (ಇಟಾಲಿಯನ್‌ನಲ್ಲಿ ಟೊಮೆಟೊ) ಅಂತ ಆ್ಯಪ್‌ಗಳಲ್ಲಿ ಸಿಗುವುದು ಇದೇ.

ಟೈಮರ್ ಇಟ್ಟುಕೊಂಡ ಮಾತ್ರಕ್ಕೆ ಏನೂ ಆಗುವುದಿಲ್ಲ. ಕೆಲಸವನ್ನು ಆ ಹೊತ್ತಿಗೆ ತಕ್ಕ ಹಾಗೆ ಕತ್ತರಿಸಿಕೊಳ್ಳುವುದೇ ಮುಖ್ಯ. ನಮ್ಮಲ್ಲಿ ಅಡಿಕೆ ಸುಲಿಯಲು ಬರುವವರನ್ನು ನೋಡಿ, ಅಂಗಳದಲ್ಲಿ ರಾಶಿ ಎಷ್ಟೇ ಇರಲಿ, ಮೆಟ್ಟುಗತ್ತಿ ಮುಂದೆ ಕೂತವರು ಆ ಕಡೆ ನೋಡುತ್ತಾ ಕೂರುವುದಿಲ್ಲ, ಅವರ ಗಮನ ಇರುವುದು ಮುಂದಿರುವ ಡಬ್ಬ ತುಂಬುವುದರ ಮೇಲೆ. 'ಅಂಗಡಿ ಲೆಕ್ಕ ಮುಗಿಸಬೇಕು' ಅಂತ ಚೀಟಿಯಲ್ಲಿ ಬರೆದರೆ ಅದು ರಾಶಿ. 'ಮೊದಲ ವಾರದ ಖರೀದಿ ಬಿಲ್ಲು ಟ್ಯಾಲಿಗೆ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಹಾಕುವುದು' ಅಂತ ಬರೆದರೆ ಅದು ಒಂದು ಡಬ್ಬ. ಕೈ ತಾನಾಗಿ ಓಡುತ್ತದೆ.

ಮಧ್ಯೆ ಯಾರೋ ಬರುತ್ತಾರೆ, ಬಂದವರಿಗೆ ಆಸರಿಗೆ (ಕುಡಿಯಲು ಏನಾದರೂ) ಕೊಡದೆ ಕಳಿಸುವ ಊರಲ್ಲ ನಮ್ಮದು, ಕಳಿಸಲೂ ಬಾರದು. ಆದರೆ ಹೆಚ್ಚಿನವರಿಗೆ ಹತ್ತು ನಿಮಿಷ ಜಗುಲಿಯಲ್ಲಿ ಕೂರುವುದು ಕಷ್ಟ ಅಲ್ಲ. ಈಗ ನಮ್ಮತ್ತೆಯೇ ಹೇಳುತ್ತಾರೆ, "ಕೂತ್ಕಳಿ, ಗಂಟೆ ಹೊಡೆದ ಕೂಡ್ಲೆ ಬರ್ತಾಳೆ." ಈ ಮಾತು ನನಗೆ ತುಂಬಾ ದೊಡ್ಡದು. ಮನೆಯಲ್ಲಿ ಕೂತು ಕೆಲಸ ಮಾಡುವ ಹೆಂಗಸಿನ ಹೊತ್ತನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ಅಲ್ವಾ? 'ಸ್ವಲ್ಪ ಕೆಲಸ ಇದೆ' ಅಂದರೆ ಯಾರೂ ಕೇಳುವುದಿಲ್ಲ. 'ಹನ್ನೊಂದೂವರೆವರೆಗೆ' ಅಂದರೆ ಕೇಳುತ್ತಾರೆ.

ಹೊರಗಿನವರಿಗಿಂತ ಜಾಸ್ತಿ ಅಡ್ಡ ಬರುವುದು ನಮ್ಮದೇ ತಲೆ. ಗ್ಯಾಸ್ ಬುಕ್ ಮಾಡಬೇಕಿತ್ತು, ಮಗಳ ಫೀಸು ಕಟ್ಟಬೇಕಿತ್ತು ಅಂತ ನೆನಪಾಗುತ್ತಲೇ ಇರುತ್ತದೆ. ಪಕ್ಕದಲ್ಲಿ ಒಂದು ಹಾಳೆ ಇಟ್ಟು ಅದರಲ್ಲಿ ಬರೆದು ಮತ್ತೆ ಕೆಲಸಕ್ಕೆ ಮರಳಿದರೆ ಸಾಕು. ಇದಕ್ಕೆ ಮೊಬೈಲ್ ಬೇಡವೇ ಬೇಡ. ಟೈಮರ್ ಕೂಡ ಕೀಲಿ ಕೊಡುವ ಅಡುಗೆಮನೆಯದ್ದೇ ವಾಸಿ, ಯಾಕೆಂದರೆ ಎಷ್ಟು ಹೊತ್ತಾಯಿತು ಅಂತ ನೋಡಲು ಮೊಬೈಲ್ ಎತ್ತಿದವರು ವಾಟ್ಸ್‌ಆ್ಯಪ್ ನೋಡದೆ ಕೆಳಗೆ ಇಡುವುದಿಲ್ಲ.

ಗಂಟೆ ಹೊಡೆಯುವ ಮೊದಲಿನ ಎರಡು ನಿಮಿಷವನ್ನು ನಾನು ಬೇರೆಯಾಗಿಯೇ ಇಡುತ್ತೇನೆ. ಎಲ್ಲಿಗೆ ನಿಲ್ಲಿಸಿದೆ, ಮುಂದಿನ ಸಲ ಮೊದಲು ಏನು ಮಾಡಬೇಕು, ಅಷ್ಟನ್ನು ಒಂದು ಸಾಲು ಬರೆಯುವುದು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದು ಇದಕ್ಕೆ ಹತ್ತಿರದ ಸಂಗತಿ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೆಯದರಲ್ಲೇ ಉಳಿದುಬಿಡುತ್ತದೆ. ಮತ್ತೆ ಎಲ್ಲಿಂದ ಹಿಡಿಯಬೇಕು ಎಂದು ಬರೆದಿಟ್ಟು ಎದ್ದರೆ ಅದು ಕಡಿಮೆಯಾಗುತ್ತದೆ ಎಂದು ಆಮೇಲೆ ಅವರೇ ಇನ್ನೊಂದು ಅಧ್ಯಯನದಲ್ಲಿ ತೋರಿಸಿದರು. ಮಳೆಗಾಲದಲ್ಲಿ ಕರೆಂಟ್ ಹೋಗಿ ಸಂಜೆಗೆ ಬಂದರೂ ಆ ಒಂದು ಸಾಲು ಇದ್ದರೆ ಮತ್ತೆ ಮೊದಲಿಂದ ಹುಡುಕಬೇಕಿಲ್ಲ.

ಎಲ್ಲಾ ಕೆಲಸಕ್ಕೂ ಇದು ಒಗ್ಗುತ್ತದೆ ಅಂತ ನಾನು ಹೇಳುವುದಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವಾಗ 25 ನಿಮಿಷ ಕಡಿಮೆಯೇ. ವ್ಯತ್ಯಾಸದ ಜಾಡು ಹಿಡಿಯುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ. ಅದಕ್ಕೆ 50 ನಿಮಿಷ ಇಟ್ಟು ಹತ್ತು ನಿಮಿಷ ಎದ್ದು ಓಡಾಡುತ್ತೇನೆ. ಒಲೆ ಮೇಲೆ ಅಡಿಕೆ ಬೇಯುತ್ತಿರುವಾಗಲಂತೂ ಟೈಮರ್ ಮುಟ್ಟುವುದಿಲ್ಲ, ಬೆಂಕಿ ಮುಂದೆ ಇರಬೇಕಾದಾಗ ಬೆಂಕಿ ಮುಂದೆಯೇ ಇರಬೇಕು.

ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿರುವ ನಮ್ಮಕ್ಕನ ಮಗ ಮೊನ್ನೆ ಫೋನ್ ಮಾಡಿ, "ಚಿಕ್ಕಮ್ಮ, ನಂಗೆ 25 ನಿಮಿಷಾನೂ ಕೂರಕ್ಕೆ ಆಗಲ್ಲ" ಅಂದ. ಹಾಗಾದರೆ ಹತ್ತೇ ನಿಮಿಷ ಕೂರು, ಚಿರಿಲ್ಲೊ ಕೂಡ ಅಲ್ಲಿಂದಲೇ ಶುರು ಮಾಡಿದ್ದು ಅಂದೆ. ಗಣಿತದ ಒಂದು ಲೆಕ್ಕ, ಒಂದು ಹಾಳೆ, ಮೊಬೈಲ್ ಪಕ್ಕದ ಕೋಣೆಯಲ್ಲಿ. ಒಂದು ವಾರ ಅಷ್ಟೇ ಮಾಡಲಿ, ಜಾಸ್ತಿ ಮಾಡುವುದು ಆಮೇಲೆ ನೋಡೋಣ.