ಮಿಕ್ಕಿದ ಕರೆಂಟು ಎಲ್ಲಿಗೆ ಹೋಗಬೇಕು?

ಕಂಬದ ಕರೆಂಟಿನ ಹಂಗೇ ಬೇಡ ಎಂದು ನಮ್ಮಲ್ಲಿಗೆ ಬರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಸಾಲದೆ ಹೋದರೆ ಏನು ಮಾಡುವುದು? ಹೆಚ್ಚಾದರೆ ಏನು ಮಾಡುವುದು ಎಂದು ಯಾರೂ ಕೇಳುವುದಿಲ್ಲ. ನಮ್ಮ ಕಚೇರಿಯ ಲೋಡ್ ಶೀಟಿನಲ್ಲೂ ಅದಕ್ಕೊಂದು ಕಾಲಂ ಇಲ್ಲ.

ಶಿರಸಿ ಕಡೆಯ ಒಂದು ಅಡಕೆ ತೋಟ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದಿದ್ದ ಗಂಡ ಹೆಂಡತಿ ಚೆನ್ನಾಗಿಯೇ ತಯಾರಿ ಮಾಡಿಕೊಂಡಿದ್ದರು. ಗುಡ್ಡದಿಂದ ತಾನಾಗಿ ಇಳಿದು ಬರುವ ಅಬ್ಬಿ ನೀರು, ಚಾವಣಿಯ ಮೇಲೆ ಒಂದು ಕಿಲೋವ್ಯಾಟ್ ಪ್ಯಾನೆಲ್, ಟ್ಯೂಬ್ಯುಲರ್ ಬ್ಯಾಟರಿಗಳು. ಗೋಬರ್ ಗ್ಯಾಸ್ ಮಾತ್ರ ಬೇಡವೆಂದೆ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು. ಅವರ ಕೊಟ್ಟಿಗೆಯಲ್ಲಿದ್ದದ್ದು ಎರಡು ಮಲೆನಾಡು ಗಿಡ್ಡ; ಹಗಲೆಲ್ಲ ಬೆಟ್ಟದಲ್ಲಿ ಮೇಯ್ದು, ಸಗಣಿಯನ್ನೂ ಅಲ್ಲೇ ಬಿಟ್ಟು ಬರುವಂಥವು.

ಮಳೆಗಾಲಕ್ಕೆ ಪ್ಯಾನೆಲ್ ನಂಬುವಂತಿಲ್ಲ. ಆದರೆ ಪ್ಯಾನೆಲ್ ಮಂಕಾಗುವ ಹೊತ್ತಿಗೇ ಹಳ್ಳ ತುಂಬುತ್ತದೆ, ಹಳ್ಳ ಬತ್ತುವ ಹೊತ್ತಿಗೆ ಬಿಸಿಲು ಬಂದಿರುತ್ತದೆ. ಹಾಗಾಗಿ ಒಂದು ಪಿಕೋ ಹೈಡ್ರೋ, ಅಂದರೆ ಹಳ್ಳದ ನೀರಿನಿಂದ ತಿರುಗುವ ಪುಟ್ಟ ಟರ್ಬೈನು ಮತ್ತು ಜನರೇಟರ್, ಕೂರಿಸಿದೆವು. 22 ಮೀಟರ್ ಹೆಡ್ (ನೀರು ಇಳಿಯುವ ಎತ್ತರ), ಸೆಕೆಂಡಿಗೆ 10 ಲೀಟರ್ ನೀರು. ಲೆಕ್ಕಕ್ಕೆ ಎರಡು ಕಿಲೋವ್ಯಾಟ್ ದಾಟುತ್ತದೆ, ನಷ್ಟ ಕಳೆದು ಕೈಗೆ ಸಿಗುವುದು ಒಂದು. ಆದರೆ ಹಗಲೂ ರಾತ್ರಿ ಸಿಗುತ್ತದೆ. ಟರ್ಬೈನಿನ ಮೇಲಿನ ಲೋಡ್ ಸದಾ ಒಂದೇ ಇರಲೆಂದು, ಮನೆ ಬಳಸದೆ ಉಳಿದದ್ದನ್ನು ಇಎಲ್‌ಸಿ (ಎಲೆಕ್ಟ್ರಾನಿಕ್ ಲೋಡ್ ಕಂಟ್ರೋಲರ್) ಎಂಬ ಪೆಟ್ಟಿಗೆ ಬಚ್ಚಲ ಡ್ರಮ್ಮಿನ ಹೀಟರಿಗೆ ತಳ್ಳುತ್ತದೆ.

ಕಮಿಷನಿಂಗ್ ದಿನ ಮಳೆ ಹಿಡಿದದ್ದರಿಂದ ಅಲ್ಲಿಯೇ ಉಳಿದೆ. ಊಟಕ್ಕೆ ಕುಳಿತಿದ್ದಾಗ ಫ್ಯಾನು ಜೋರಾಯಿತು. ಯಾರೂ ರೆಗ್ಯುಲೇಟರ್ ಮುಟ್ಟಿರಲಿಲ್ಲ. ಕೆಳಗಿನ ಶೆಡ್ಡಿನಿಂದ ಟರ್ಬೈನಿನ ದನಿ ಮಳೆಯನ್ನೂ ಮೀರಿ ಏರುತ್ತಿತ್ತು. ಗೋಡೆಯ ವೋಲ್ಟ್‌ಮೀಟರ್ 260 ತೋರಿಸಿ, ನೋಡುತ್ತಿದ್ದಂತೆಯೇ 280 ದಾಟಿತು.

ಇಎಲ್‌ಸಿ ಸುಟ್ಟಿದೆ ಎಂದೇ ತೀರ್ಮಾನಿಸಿಬಿಟ್ಟೆ. ಪೆಟ್ಟಿಗೆ ತೆಗೆದು ನೋಡಬೇಕು ಅನ್ನಿಸಲೇ ಇಲ್ಲ. ಮನೆಯವರು, “ಸರ್, ಮೇನ್ ಇಳಿಸಲೇ?” ಎಂದರು. “ಬೇಡ, ಮುಟ್ಟಬೇಡಿ!” ಎಂದು ಕಿರುಚಿದೆ. ಇದ್ದ ಅಲ್ಪಸ್ವಲ್ಪ ಲೋಡೂ ತಪ್ಪಿದರೆ ಟರ್ಬೈನಿಗೆ ಹಿಡಿತವೇ ಇರುವುದಿಲ್ಲ. ಆ ಕ್ಷಣದಲ್ಲಿ ನಾನು ಜನರೇಟರನ್ನು ಆರಿಸಿಕೊಂಡು ಅವರ ಫ್ರಿಜ್ಜನ್ನು ಬಿಟ್ಟುಕೊಟ್ಟೆ. ಅದು ಸರಿಯೇ ಎಂದು ಇವತ್ತಿಗೂ ಖಾತ್ರಿಯಿಲ್ಲ.

ಟಾರ್ಚ್ ಹಿಡಿದು ಜಾರುತ್ತ ಇಳಿದೆ. ಇಂಬಳದ ಯೋಚನೆ ಆಮೇಲೆ. ಗೇಟ್ ವಾಲ್ವಿಗೆ ಕೈ ಹಾಕಿದ ಮೇಲೆಯೇ ನಿಜವಾದ ಫಜೀತಿ: ಬೇಗ ಮುಚ್ಚುವಂತಿಲ್ಲ. ಪೈಪು 4 ಕೆಜಿ ಒತ್ತಡ ತಡೆಯುವ ಕ್ಲಾಸಿನ ಪಿವಿಸಿ. ನಿಂತ ನೀರಿನ ಒತ್ತಡವೇ 2.2. ಹರಿಯುವ ನೀರನ್ನು ತಟ್ಟನೆ ತಡೆದರೆ ಆ ಹೊಡೆತಕ್ಕೆ ಪೈಪ್ ಸೀಳುತ್ತದೆ. ಪಕ್ಕದಲ್ಲಿ ಟರ್ಬೈನಿನ ಚಕ್ರ ಕಿವಿ ಕೊರೆಯುವಂತೆ ಅರಚುತ್ತಿದ್ದರೆ ನಾನು ಕಾಲು ಸುತ್ತು ತಿರುಗಿಸುವುದು, ನಿಲ್ಲುವುದು, ಮತ್ತೆ ಕಾಲು ಸುತ್ತು. ಮೇಲಿನಿಂದ ಅವರು ಏನೋ ಕೂಗುತ್ತಿದ್ದರು, ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಮುಗಿಯುವ ಹೊತ್ತಿಗೆ ಮನೆಯೆಲ್ಲ ಕತ್ತಲಾಗಿತ್ತು.

ಮೇಲೆ ಬಂದು ಪೆಟ್ಟಿಗೆ ತೆಗೆದರೆ ಇಎಲ್‌ಸಿಗೆ ಏನೂ ಆಗಿರಲಿಲ್ಲ. ಹೀಟರ್ ಲೈನಿನ ಎಂಸಿಬಿ, ಅಂದರೆ ಬ್ರೇಕರ್ ಸ್ವಿಚ್ಚು, ಆಫ್ ಆಗಿತ್ತು.

“ಅದನ್ನು ನಾನೇ ಇಳಿಸಿದ್ದು ಸರ್, ಕೂಗಿ ಹೇಳಿದೆನಲ್ಲ. ನೀರು ಕಾದಾಗಿತ್ತು, ಸುಮ್ಮನೆ ಕರೆಂಟು ಪೋಲಾಗುತ್ತಿತ್ತು.”

ಬೈಯುವುದು ಯಾರನ್ನು? ಒಂದು ಯೂನಿಟ್ಟನ್ನೂ ಪೋಲು ಮಾಡಬಾರದು ಎಂದು ಬೆಳಗ್ಗೆಯೆಲ್ಲ ಅವರಿಗೆ ಪಾಠ ಹೇಳಿದ್ದವನು ನಾನು. ಆ ಲೈನಿಗೆ, ಕೈಗೆಟಕುವ ಎತ್ತರದಲ್ಲಿ, ಎಂಸಿಬಿ ಹಾಕಿದವನೂ ನಾನೇ. ಡ್ರಾಯಿಂಗಿನಲ್ಲಿ ಹಾಗಿತ್ತು. ನಮ್ಮ ಡ್ರಾಯಿಂಗುಗಳೆಲ್ಲ ಸೋಲಾರ್ ವಿಭಾಗದಿಂದ ನಕಲಾಗಿ ಬಂದವು. ಪ್ಯಾನೆಲ್ಲಿನ ವೈರು ಕಿತ್ತರೆ ಅದು ಬಿಸಿಲು ಕಾಯುತ್ತ ಸುಮ್ಮನೆ ಕೂರುತ್ತದೆ. ಮೇಲಿನಿಂದ ಬೀಳುವ ನೀರು ಕೂರುವುದಿಲ್ಲ. ಏಸಿ ಕೋಣೆಯಲ್ಲಿ ಕುಳಿತು ಟೆಂಪ್ಲೇಟ್ ಕಳಿಸುವವರು ಒಮ್ಮೆ ಈ ಶೆಡ್ಡಿನಲ್ಲಿ ನಿಲ್ಲಬೇಕು.

ಫ್ರಿಜ್ಜಿನ ಬೋರ್ಡು, ರೂಟರ್, ಒಂದಷ್ಟು ಬಲ್ಬು ಹೋಗಿದ್ದವು. ಮ್ಯಾನೇಜರ್ ಸಾಹೇಬರು ‘ಗ್ರಾಹಕರ ಅಚಾತುರ್ಯ’ ಎಂದು ಬರೆದು ಕೈ ತೊಳೆದುಕೊಳ್ಳಲು ಹೊರಟಿದ್ದರು. ಜಗಳವಾಡಿ ಅರ್ಧ ಖರ್ಚು ಕೊಡಿಸಿದೆ.

ಈಗ ನಾನು ಕೂರಿಸುವ ಕಡೆ ಹೀಟರ್ ಲೈನ್ ನೇರ. ನಡುವೆ ಸ್ವಿಚ್ಚಿಲ್ಲ, ಎಂಸಿಬಿ ಇಲ್ಲ. ಡ್ರಮ್ಮಿಗೆ ಅಬ್ಬಿ ನೀರಿನ ಸಣ್ಣ ಧಾರೆ ಸದಾ ಬಿದ್ದು ಹೊರಗೆ ಹರಿಯುತ್ತಿರುತ್ತದೆ, ಹೀಟರ್ ಒಣಗದಿರಲಿ ಎಂದು. ಟರ್ಬೈನಿಗೆ ನೀರು ಚಿಮ್ಮಿಸುವ ನಾಜಲ್ಲಿನ ಮುಂದೆ ಒಂದು ತಗಡಿನ ಡಿಫ್ಲೆಕ್ಟರ್, ಅದಕ್ಕೆ ಮನೆಯವರೆಗೂ ತಂತಿ. ಎಳೆದರೆ ಧಾರೆ ಪಕ್ಕಕ್ಕೆ ತಿರುಗುತ್ತದೆ, ವಾಲ್ವ್ ಆಮೇಲೆ ನಿಧಾನಕ್ಕೆ ಮುಚ್ಚಬಹುದು.

ಹಾಗೆ ಮುಗಿಸಿದ ಮೊದಲ ಸೈಟಿನ ರಿಪೋರ್ಟು ಕಚೇರಿಯ ಗುಣಮಟ್ಟ ತಪಾಸಣೆಯ ಕ್ಯೂಸಿ ವಿಭಾಗದಿಂದ ವಾಪಸ್ ಬಂತು. ಷರಾ: ‘ಹೀಟರ್ ಲೈನಿಗೆ ಎಂಸಿಬಿ ಹಾಕಿಲ್ಲ, ಸರಿಪಡಿಸಿ ಫೋಟೊ ಕಳುಹಿಸಿ.’