ಮಳೆ ಬಿದ್ದರೆ ಕಡಲು ಮಲಗುತ್ತದಾ?

2024 ಜುಲೈ 14, ಭಾನುವಾರ
ಕುಂಬಳೆ

ಬೆಳಗಿನಿಂದ ಒಂದೇ ಸಮನೆ ಮಳೆ. ದೊಡ್ಡ ಯಂತ್ರದೋಣಿಗಳು ಬಲೆ ಎಳೆಯುವ ಟ್ರಾಲಿಂಗಿಗೆ ನಿಷೇಧ ಈ ತಿಂಗಳ 31ರ ವರೆಗೆ ಇದೆ. ಪಕ್ಕದ ಮನೆಯ ಅಣ್ಣನದ್ದು ಸಣ್ಣ ದೋಣಿ, ಅದಕ್ಕೆ ನಿಷೇಧ ಇಲ್ಲ. ಆದರೂ ಇವತ್ತು ಹೋಗಿರಲಿಲ್ಲ. ಚಾ ಕುಡಿಯಲು ನಮ್ಮ ಜಗಲಿಗೆ ಬಂದರು.

ಉಪಗ್ರಹ ಅಳೆದ ಗಾಳಿಯ ನಕ್ಷೆಯನ್ನು ನಾನು ಫೋನಿನಲ್ಲಿ ನೋಡುತ್ತಿದ್ದೆ. ದೂರದ ಕಡಲಲ್ಲಿ ಒಂದು ಕಡೆ ಬಾಣಗಳೆಲ್ಲ ಕಪ್ಪು.

“ಆ ಕಪ್ಪು ಎಂತ ಮಾಷ್ಟ್ರೇ?”

“ಮಳೆ ಇದೆ, ಈ ಲೆಕ್ಕ ನಂಬಬೇಡಿ ಅಂತ ಗುರುತು.”

ಅವರು ನಕ್ಕರು. “ಮಳೆ ಜೋರಾಗಿ ಬಿದ್ದರೆ ಕಡಲು ಮಲಗುತ್ತದೆ. ಅಳೆಯಲು ಸುಲಭ ಅಲ್ವಾ?”

ಅವರು ಹೇಳಿದ್ದು ಸುಳ್ಳಲ್ಲ. ಹನಿಗಳು ಮೇಲಿನ ನೀರನ್ನು ಕಲಕಿ, ಹತ್ತು ಸೆಂಟಿಮೀಟರಿಗಿಂತ ತುಸು ಉದ್ದದ ಗಾಳಿಯಲೆಗಳನ್ನು ತಗ್ಗಿಸುತ್ತವೆ. ಆದರೆ ನಮ್ಮ ಇಸ್ರೋ 2022ರ ನವೆಂಬರ್ 26ರಂದು ಹಾರಿಸಿದ ಇಒಎಸ್-06 ಉಪಗ್ರಹದಲ್ಲಿರುವ ಸ್ಕ್ಯಾಟರೋಮೀಟರಿಗೆ, ಅಂದರೆ ಕಡಲಿಗೆ ರೇಡಿಯೋ ತರಂಗ ಬಿಟ್ಟು ವಾಪಸು ಬಂದದ್ದರಿಂದ ಗಾಳಿ ಅಳೆಯುವ ರಾಡಾರಿಗೆ, ಆ ಅಲೆಗಳು ಬೇಡವೇ ಬೇಡ. ಅದರ ರೇಡಿಯೋ ತರಂಗದ ಉದ್ದ ಎರಡು ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ. ಓರೆಯಾಗಿ ಬಿದ್ದು ತಿರುಗಿ ಬರುವಾಗ ಅದಕ್ಕೆ ಸಿಕ್ಕುವುದು ಬೆರಳಗಲದ ಕಿರುಅಲೆ ಮಾತ್ರ. ಗಾಳಿ ಜಾಸ್ತಿಯಾದರೆ ಕಿರುಅಲೆ ಜಾಸ್ತಿ, ವಾಪಸು ಬರುವ ಸಂಕೇತವೂ ಜಾಸ್ತಿ. ಗಾಳಿಯ ಲೆಕ್ಕ ಅಷ್ಟರಲ್ಲೇ ನಿಂತಿದೆ.

ಮಳೆ ಕೈ ಹಾಕುವುದು ಸರಿಯಾಗಿ ಅಲ್ಲಿಗೇ. ಮಾಡಿನ ನೀರು ಹಿಡಿಯಲು ಅಂಗಳದಲ್ಲಿ ಹಂಡೆ ಇಟ್ಟಿದ್ದೆ. ಅಣ್ಣನಿಗೆ ಅದನ್ನು ತೋರಿಸಿದೆ. ಅಂಗಳದಲ್ಲಿ ಗಾಳಿಯೇ ಇಲ್ಲ, ಆದರೂ ಹನಿ ಬಿದ್ದಲ್ಲೆಲ್ಲ ಸಣ್ಣ ಉಂಗುರ, ನಡುವೆ ಚಿಮ್ಮುವ ನೀರಿನ ಮೊಳಕೆ. ಕಡಲಿನ ಮೇಲೂ ಹೀಗೇ. ನಮ್ಮ ಕಣ್ಣಿಗೆ ಕಡಲು ಮಲಗಿದೆ, ರಾಡಾರಿಗೆ ಅದು ಎದ್ದು ಕುಣಿಯುತ್ತಿದೆ. ಇಲ್ಲದ ಗಾಳಿಯನ್ನು ಅದು ಬರೆದುಕೊಳ್ಳುತ್ತದೆ.

ಅಷ್ಟೇ ಆಗಿದ್ದರೆ ಒಂದಿಷ್ಟು ಕಳೆದು ಸರಿಮಾಡಬಹುದಿತ್ತು. ಗಾಳಿಯಲ್ಲಿರುವ ಹನಿಗಳೂ ತರಂಗವನ್ನು ಚದುರಿಸಿ ಸ್ವಲ್ಪ ವಾಪಸು ಕಳಿಸುತ್ತವೆ, ಸ್ವಲ್ಪ ನುಂಗುತ್ತವೆ. ಮಂದಗಾಳಿಯಲ್ಲಿ ಹನಿಗಳಿಂದ ಹೆಚ್ಚಾಗಿ ಬಂದು ಕೂಡಿದ್ದೇ ಗೆದ್ದು ಗಾಳಿ ಹೆಚ್ಚಾಗಿ ಕಾಣುತ್ತದೆ. ಚಂಡಮಾರುತದಲ್ಲಿ ನುಂಗಿದ್ದು ಗೆಲ್ಲುತ್ತದೆ, ಗಾಳಿ ಕಡಿಮೆಯಾಗಿ ಕಾಣುತ್ತದೆ. ಬೇಕಾದಾಗಲೇ ಕೈಕೊಡುವುದು! ಅದೂ ಅಲ್ಲದೆ ಒಂದು ಬಾಣ ಅಂದರೆ 25 ಕಿಲೋಮೀಟರಿನ ಚೌಕ. ಅದರ ಒಂದು ಮೂಲೆಯಲ್ಲಿ ಮಾತ್ರ ಮಳೆ ಇರಬಹುದು. ಹಾಗಾಗಿ ಕಪ್ಪು ಬಣ್ಣ ಬಳಿದು ಬಿಡುವುದೇ ಪ್ರಾಮಾಣಿಕ ಕೆಲಸ ಅಂತ ನನಗೆ ಅನಿಸುತ್ತದೆ.

“ಹಾಗಾದರೆ ಉದ್ದದ ತರಂಗ ಇಡಬಾರದಾ?” ಅಂದರು ಅಣ್ಣ. ಬಲೆಯ ಕಣ್ಣಿನ ಲೆಕ್ಕ ಗೊತ್ತಿದ್ದವರು, ಸುಮ್ನೆ ಕೇಳಿದ್ದಲ್ಲ. ಯುರೋಪಿನವರ ಉಪಗ್ರಹದಲ್ಲಿರುವ ಇಂಥದೇ ಸ್ಕ್ಯಾಟರೋಮೀಟರ್ ಆಸ್ಕ್ಯಾಟ್ ಇರುವುದೇ ಹಾಗೆ, ತರಂಗದ ಉದ್ದ 5.7 ಸೆಂಟಿಮೀಟರ್. ತರಂಗದ ಉದ್ದ ಇಮ್ಮಡಿಯಾದರೆ ಸಣ್ಣ ಹನಿಯಿಂದ ಚದುರುವುದು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಮಳೆಯ ಕಾಟ ಅದಕ್ಕೂ ಇದೆ, ಆದರೆ ತುಂಬಾ ಕಡಿಮೆ.

ರಾತ್ರಿ ಅದರ ನಕ್ಷೆ ತೆರೆದೆ. ಆಸ್ಕ್ಯಾಟ್ ಎರಡು ಪಟ್ಟಿಗಳಲ್ಲಿ ನೋಡುತ್ತದೆ, ನಡುವೆ ಸುಮಾರು 700 ಕಿಲೋಮೀಟರ್ ಖಾಲಿ. ನಮ್ಮ ಕಪ್ಪು ಬಾಣಗಳ ಜಾಗ ಸರಿಯಾಗಿ ಆ ಖಾಲಿಯಲ್ಲಿ ಬಿದ್ದಿತ್ತು.