ಹೆಬ್ಬೆರಳು ಕೂರುವ ಜಾಗ

ಭಾನುವಾರ, 16 ಫೆಬ್ರವರಿ 2025
ಬಸವನಗುಡಿ

ಬೆಳಿಗ್ಗೆ ಏಳಕ್ಕೆ ನನ್ನ ಹಳೆ ಅಮೆರಿಕನ್ ಪಾಕೆಟ್ ವಾಚ್ ವಾಲ್ತಮ್‌ಗೆ ಕೀ ಕೊಟ್ಟೆ. ಒಂದು ತಿಂಗಳು ಚಿಕ್ಕಪೇಟೆಯ ರಿಪೇರಿ ಅಂಗಡಿಯಲ್ಲಿತ್ತು, ನಿನ್ನೆ ಸಂಜೆ ಕೈಗೆ ಬಂತು. ಇವತ್ತು ಚಿಕ್ಕಮ್ಮನ ಮಗಳ ಮದುವೆ. ಬೀರುವಿನಲ್ಲಿ ಇಡೋದು ಬೇಡ, ಹಾಕಿಕೊಂಡೇ ಹೋಗೋಣ ಅಂತ ಮೊದಲೇ ಅಂದುಕೊಂಡಿದ್ದೆ.

ನನ್ನ ಹತ್ತಿರ ಇರೋದು ಆರು ಪಾಕೆಟ್ ವಾಚ್. ಎರಡು ನಮ್ಮ ಎಚ್‌ಎಂಟಿಯವು. ಉಳಿದವು ಹೊರದೇಶದವು. ಅವುಗಳಲ್ಲಿ ಈ ವಾಲ್ತಮ್ ಮೇಲೆ ಪ್ರೀತಿ ಜಾಸ್ತಿ. ಎರಡು ವರ್ಷದ ಹಿಂದೆ ಸಂಡೇ ಬಜಾರ್‌ನಲ್ಲಿ, ಟಾರ್ಪಾಲಿನ ಮೇಲೆ, ಹಳೆ ನಲ್ಲಿ ಮತ್ತು ಚಾರ್ಜರ್‌ಗಳ ಮಧ್ಯೆ ಸಿಕ್ಕಿತು. ಅಲ್ಲಿ ಡಯಲ್ ಮೇಲಿನ ಹೆಸರು ನಂಬಿ ಕೊಳ್ಳಬಾರದು. ಹಳೆ ಯಂತ್ರಕ್ಕೆ ಹೊಸ ಬಣ್ಣದ ಡಯಲ್ ಕೂರಿಸಿ, ಅದರ ಮೇಲೆ ರೈಲಿನ ಚಿತ್ರ ಬರೆಸಿ ಮಾರುತ್ತಾರೆ. ಇದರ ಎನಾಮಲ್, ಅಂದರೆ ಗಾಜಿನಂಥ ಲೇಪದ, ಡಯಲ್‌ನಲ್ಲಿ ಮೂರರ ಪಕ್ಕ ಕೂದಲೆಳೆಯಷ್ಟು ಬಿರುಕಿತ್ತು. ಅದನ್ನು ನೋಡಿಯೇ ನನಗೆ ಧೈರ್ಯ ಬಂದಿದ್ದು. ಬಣ್ಣ ಬಳಿದ ತಗಡು ಹಾಗೆ ಬಿರಿಯಲ್ಲ.

ಯಂತ್ರದ ನಂಬರ್ ಪ್ರಕಾರ ಇದು 1908ರ ಸುಮಾರಿನದು. ಕೇಸ್ ಮೇಲಿನ ನಂಬರ್ ಹಿಡಿದು ವರ್ಷ ಹುಡುಕಿದರೆ ದಾರಿ ತಪ್ಪುತ್ತೇವೆ. ಆಗಿನ ಅಮೆರಿಕದಲ್ಲಿ ಯಂತ್ರ ಒಂದು ಕಂಪನಿಯದು, ಕೇಸ್ ಬಹಳಷ್ಟು ಸಲ ಇನ್ನೊಂದು ಕಂಪನಿಯದು. ಗಿರಾಕಿ ಅಂಗಡಿಯಲ್ಲಿ ಎರಡನ್ನೂ ಆರಿಸಿ ಜೋಡಿಸಿಕೊಳ್ಳುತ್ತಿದ್ದ. ನನ್ನ ಕೇಸ್ ಒಳಗೆ 20 ವರ್ಷ ಅಂತ ಅಚ್ಚೊತ್ತಿದೆ. ಹಿತ್ತಾಳೆಯ ಮೇಲೆ ಕೂರಿಸಿದ ಚಿನ್ನದ ಪದರ ಅಷ್ಟು ವರ್ಷ ಸವೆಯಲ್ಲ ಅನ್ನೋ ಗ್ಯಾರಂಟಿ ಅದು. ಅಷ್ಟು ವರ್ಷ ಕಳೆದು ಎಷ್ಟು ಕಾಲವಾಯ್ತು! ಈಗ ಅಂಚಿನಲ್ಲಿ, ಹೆಬ್ಬೆರಳು ಕೂರುವ ಜಾಗದಲ್ಲಿ, ಹಿತ್ತಾಳೆ ಕಾಣುತ್ತದೆ. "ಗಿಲೀಟು ಹಾಕಿಸಿ ಕೊಡಲಾ ಸಾರ್?" ಅಂತ ರಿಪೇರಿಯವರು ಕೇಳಿದ್ದರು. "ಬೇಡ ಯಜಮಾನ್ರೇ, ಅದೊಂದನ್ನ ಮುಟ್ಟಬೇಡಿ" ಅಂದೆ.

ಕೆಟ್ಟಿದ್ದೇನು ಅಂದರೆ ಎಣ್ಣೆ. ಮೊದಲು ಬೇರೊಂದು ಕಡೆ ಕೊಟ್ಟಿದ್ದೆ. ಅಲ್ಲಿ ಹೊಲಿಗೆ ಮಿಷನ್ ಎಣ್ಣೆ ಬಿಟ್ಟಿದ್ದರು. ಅದು ಹರಡಿ, ಒಣಗಿ, ಅಂಟಾಗಿತ್ತು. ಇದರ ಬ್ಯಾಲೆನ್ಸ್ ವೀಲ್, ಅಂದರೆ ಆಚೀಚೆ ಓಲಾಡಿ ವೇಳೆ ಅಳೆಯುವ ಗಾಲಿ, ಸೆಕೆಂಡಿಗೆ ಐದು ಸಲ ಓಲಾಡಬೇಕು, ಅಂದರೆ ದಿನಕ್ಕೆ 4,32,000 ಸಲ. ಅಂಟಿನಲ್ಲಿ ಸಿಕ್ಕಿಕೊಂಡು ಅದು ಹೇಗೆ ಓಡೀತು ಹೇಳಿ? ಯಜಮಾನರು ಒಂದೊಂದೇ ಗಾಲಿ ಬಿಚ್ಚಿ ತೊಳೆದು, ಗಾಲಿಯ ತುದಿ ತಿರುಗೋಕೆ ಪುಟ್ಟ ಮಾಣಿಕ್ಯದ ಕಲ್ಲು ಕೂರಿಸಿದ ಜಾಗಕ್ಕೆ ಸೂಜಿಮೊನೆಯಷ್ಟು ಎಣ್ಣೆ ಇಟ್ಟಿದ್ದಾರೆ.

ಟೈಮ್ ಸರಿಮಾಡೋಕೆ ಮುಂದಿನ ಗಾಜಿನ ಮುಚ್ಚಳ ತಿರುಗಿಸಿ ತೆಗೆದು, ಡಯಲ್ ಪಕ್ಕದ ಪುಟ್ಟ ಕಡ್ಡಿಯನ್ನು ಉಗುರಿನಿಂದ ಎಳೆಯಬೇಕು. ರೈಲಿನವರಿಗಾಗಿ ಬಂದ ಏರ್ಪಾಡು ಇದು. 1891ರಲ್ಲಿ ಓಹಾಯೋದ ಕಿಪ್ಟನ್‌ನಲ್ಲಿ ಎರಡು ರೈಲು ಎದುರುಬದುರಾಗಿ ಗುದ್ದಿಕೊಂಡವು. ವಾಚಿನ ಟೈಮ್ ತಪ್ಪಿದ್ದೇ ಕಾರಣ ಅಂತ ಹೇಳುತ್ತಾರೆ. ಆಮೇಲೆ ಅಲ್ಲಿನ ರೈಲ್ವೆಗಳು ವಾಚಿನ ಬಗ್ಗೆ ಬಹಳ ಬಿಗಿಯಾದವು. ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪುವಂತಿರಲಿಲ್ಲ. ಕೀ ಕೊಡುವಾಗ ಕೈತಪ್ಪಿ ಮುಳ್ಳು ತಿರುಗಲೂಬಾರದು. ಅದಕ್ಕೇ ಈ ಕಡ್ಡಿ.

ಜೀನ್ಸ್‌ನ ಪುಟ್ಟ ಜೇಬು ವಾಚಿಗೆ ಅಂತಲೇ ಹುಟ್ಟಿದ್ದು, ಆದರೆ ಐದು ಸೆಂಟಿಮೀಟರ್ ಅಗಲದ ಈ ವಾಚ್ ಅದರೊಳಗೆ ಇಳಿಯಲ್ಲ. ಹಾಗಾಗಿ ಅಪ್ಪನ ಹಳೆ ವೇಸ್ಟ್‌ಕೋಟಿಗೆ ಗಾಂಧಿ ಬಜಾರಿನ ಟೈಲರ್ ಹತ್ತಿರ ಒಳಜೇಬು ಹೊಲಿಸಿದ್ದೆ. ಗಾಜು ಮೈಕಡೆ, ಬೆನ್ನು ಹೊರಗೆ. ಫೋನ್ ಬೇರೆ ಜೇಬಿನಲ್ಲಿ. ಅದರ ಸ್ಪೀಕರ್‌ನ ಆಯಸ್ಕಾಂತ ಹತ್ತಿರ ಬಂದರೆ ಆ ಗಾಲಿಯನ್ನು ಓಲಾಡಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿ, ವಾಚ್ ಹುಚ್ಚಾಪಟ್ಟೆ ಓಡುತ್ತೆ.

ಜಯನಗರದ ಛತ್ರದಲ್ಲಿ ಊಟದ ಪಂಕ್ತಿಗೆ ಕಾಯುತ್ತಿದ್ದಾಗ ವಾಚ್ ತೆಗೆದು ನೋಡಿದೆ. ಪಕ್ಕದಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಕೂತಿದ್ದರು. ಎಂಬತ್ತು ದಾಟಿರಬೇಕು. "ಎಲ್ಲಿ, ಕೊಡಪ್ಪ ಇಲ್ಲಿ" ಅಂದರು. ಅಂಗೈಯಲ್ಲಿಟ್ಟು, ನೋಡದೆಯೇ ಹಿಡಿದರು. ಅವರ ಹೆಬ್ಬೆರಳು ಸೀದಾ ಹೋಗಿ ಆ ಹಿತ್ತಾಳೆ ಮೇಲೆ ಕೂತಿತು.

"ನಮ್ಮಪ್ಪನ ಹತ್ರ ಇಂಥದ್ದಿತ್ತು. ಕ್ಲೋಸ್ ಕಾಲರ್ ಕೋಟಿನ ಕಾಜಾಗೆ ಚೈನ್ ಸಿಕ್ಕಿಸ್ಕೊಳ್ಳೋರು. ಕೇಳು ಅಂತ ಕಿವಿ ಹತ್ರ ಹಿಡಿಯೋರು. ಕೀ ಕೊಡೋಕೆ ಮಾತ್ರ ನಮ್ಮನ್ನ ಬಿಡ್ತಿರ್ಲಿಲ್ಲ."

"ಈಗ ಕೊಡಿ ತಾತ" ಅಂದೆ.

"ಜಾಸ್ತಿ ಆದ್ರೆ?"

"ಆಗಲ್ಲ. ತುಂಬಿದ ಮೇಲೆ ಅದೇ ನಿಲ್ಲುತ್ತೆ."

ಮೆಲ್ಲಗೆ ಕೊಟ್ಟರು. ಒಂದು ಸುತ್ತು, ಎರಡು, ಮೂರು. ನಾಲ್ಕನೆಯದಕ್ಕೆ ಗಟ್ಟಿಯಾಯಿತು. ಕಿವಿಗೆ ಹಿಡಿದುಕೊಂಡರು. ಪಂಕ್ತಿಗೆ ಕರೆದರೂ ಅವರು ಏಳಲಿಲ್ಲ, ನಾನೂ ಏಳಲಿಲ್ಲ.

ಈಗ ರಾತ್ರಿ ಹತ್ತೂಕಾಲು. ಫೋನಿಗಿಂತ 20 ಸೆಕೆಂಡ್ ಹಿಂದಿದೆ. ಮೇಜಿನ ಮೇಲೆ ಮಲಗಿಸದೆ ಮೊಳೆಗೆ ತೂಗುಹಾಕಿದ್ದೇನೆ. ನೇರವಾಗಿ ನಿಂತಾಗ ಎಷ್ಟು ತಪ್ಪುತ್ತೆ ಅಂತ ಬೆಳಿಗ್ಗೆ ಏಳಕ್ಕೆ ನೋಡಿ ಬರೆದುಕೊಳ್ಳಬೇಕು.